ಥಂಡಿ ಬಂಗ್ಲೆಗೆ ಒಂದು ತಂಬಿಗೆ ನೀರು

ವಿಶ್ವವಿದ್ಯಾಲಯದ ಬಸ್ಸು ಜಮಖಂಡಿ ಬಿಟ್ಟು ಹಿಪ್ಪರಗಿಯ ದಾರಿಗೆ ಹೊರಳಿದಾಗ ತ್ರಿಶಲಾಳ ತೊಡೆಯ ಮೇಲಿದ್ದ ತಾಮ್ರದ ತಂಬಿಗೆ ಮೊದಲ ಸಲ ತುಳುಕಿತು. ಬಾಯಿಗೆ ಕಟ್ಟಿದ್ದ ಬಿಳಿ ಅರಿವೆ ನೆನೆದು, ಒಂದು ಹನಿ ಇಳಿದು, ಇಳಕಲ್ ಸೀರೆಯ ಮೇಲೆ ಕಂದು ಕಲೆಯಾಗಿ ನಿಂತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಮುಂದಿನ ಸೀಟಿನಲ್ಲಿದ್ದ ಕುಲಪತಿಗಳು ತಿರುಗಿ, ಅದೇನು ತಂದಿದ್ದೀರಿ ಮೇಡಂ ಎಂದು ಕೇಳಿದರು. ನಮ್ಮ ಊರ ಬಾವಿಯ ನೀರು ಎಂದಳು. ಅವರ ಮುಖ ಅರಳಿತು. ಸಕ್ಕರೆ ಕಾರ್ಖಾನೆಯ ಪಾರಿಸಪ್ಪ ಸಾವಕಾರರು ಧರ್ಮದ ಮನುಷ್ಯರು, ಹುಟ್ಟಿದ ಸೀಮೆಯ ನೀರೆಂದರೆ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಒಳ್ಳೆಯ ವಿಚಾರ ಮಾಡಿದಿರಿ ಎಂದು ಹೊಗಳಿ, ಹಾರ, ಶಾಲು, ಥರ್ಮಾಕೋಲಿನಲ್ಲಿ ಮಾಡಿಸಿದ ಹೊಸ ಕಟ್ಟಡದ ಮಾದರಿ ಎಲ್ಲ ಸುರಕ್ಷಿತವಾಗಿವೆಯೇ ಎಂದು ವಿಚಾರಿಸಿ ಮುಂದಕ್ಕೆ ತಿರುಗಿದರು. ತ್ರಿಶಲಾ ಸುಳ್ಳು ಹೇಳಿರಲಿಲ್ಲ. ಪೂರ್ತಿ ಹೇಳಿಯೂ ಇರಲಿಲ್ಲ. ಸುಮ್ಮನಿರುವುದು ಎಷ್ಟು ಸುಲಭ, ಅದಕ್ಕೆ ನಾಲಿಗೆಯನ್ನೂ ಅಲುಗಿಸಬೇಕಿಲ್ಲ ಎಂಬುದನ್ನು ಈ ಒಂದು ವರ್ಷದಲ್ಲಿ ಅವಳು ಚೆನ್ನಾಗಿ ಕಲಿತಿದ್ದಳು. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಹಾಡು ಹಚ್ಚಿಕೊಂಡು, ದಾರಿ ತಮ್ಮಪ್ಪನದೇ ಎಂಬಂತೆ ಬರುತ್ತಿದ್ದವು. ಬಸ್ಸು ಪ್ರತಿ ಸಲ ಮಣ್ಣಿಗಿಳಿದು ದಾರಿ ಬಿಡುತ್ತಿತ್ತು, ಪ್ರತಿ ಸಲ ಅವಳು ತಂಬಿಗೆಯನ್ನು ಎರಡೂ ಕೈಯಿಂದ ಅವುಚಿ ಹಿಡಿಯುತ್ತಿದ್ದಳು.

ಆ ಕಟ್ಟಡವನ್ನು ಬೇಡಿದವಳು ಅವಳೇ. ಯಾರೂ ಒತ್ತಾಯ ಮಾಡಿರಲಿಲ್ಲ. ಅವಳು ಮುಖ್ಯಸ್ಥೆಯಾಗಿದ್ದ ರಸಾಯನಶಾಸ್ತ್ರ ವಿಭಾಗ ನಡೆಯುತ್ತಿದ್ದದ್ದು ಹಳೆಯ ಅರಳೆ ಗೋದಾಮಿನಲ್ಲಿ. ಗ್ಯಾಸಿನ ಕೊಳವೆ ಇಲ್ಲ, ನಲ್ಲಿಗೆ ಒತ್ತಡವಿಲ್ಲ. ಮುಧೋಳದಿಂದ, ಬೀಳಗಿಯಿಂದ, ಬನಹಟ್ಟಿಯ ಮಗ್ಗದ ಮನೆಗಳಿಂದ ಬಸ್ಸು ಹಿಡಿದು ಬರುವ ಹುಡುಗಿಯರು ಬ್ಯುರೆಟ್ ಮುಟ್ಟದೆಯೇ ಪ್ರಯೋಗ ಬರೆದು ಎಂ.ಎಸ್ಸಿ. ಮುಗಿಸಿ ಹೋಗುತ್ತಿದ್ದರು. ಆ ರೆಕಾರ್ಡುಗಳಿಗೆ ಸಹಿ ಹಾಕುವಾಗ ತ್ರಿಶಲಾಳಿಗೆ ನಾಚಿಕೆಯಾಗುತ್ತಿತ್ತು. ಸಾವಕಾರರು ವಿಶ್ವವಿದ್ಯಾಲಯಕ್ಕೆ ಏನಾದರೂ ಮಾಡುವ ಮನಸ್ಸಿನಲ್ಲಿದ್ದಾರೆ ಎಂದು ತಿಳಿದಾಗ ನಕ್ಷೆ ಬರೆಸಿದ್ದು, ಓಡಾಡಿದ್ದು, ಕಟ್ಟಡಕ್ಕೆ ಅವರ ತಾಯಿಯ ಹೆಸರಿಡೋಣ ಎಂದು ಸೂಚಿಸಿದ್ದು ಎಲ್ಲ ಅವಳೇ. ಅದೇ ಗೋದಾಮಿನ ಹಿಂದಿನ ಕಪಾಟಿನಲ್ಲಿ, ಆಸಿಡ್ ಬಾಟಲಿಗಳ ಮರೆಗೆ, ತವರಿನ ಬಾವಿಯಿಂದ ತುಂಬಿ ತಂದ ಒಂದು ಗಾಜಿನ ಬಾಟಲಿಯೂ ಇತ್ತು. ಅದನ್ನು ಮುಟ್ಟಬೇಡಿರೆಂದು ಎಲ್ಲರಿಗೂ ಹೇಳಿದ್ದಳು. ತಾನೂ ಮುಟ್ಟಿರಲಿಲ್ಲ. ಕಿರಿಯ ಸಹೋದ್ಯೋಗಿ ಭಾಗ್ಯಾ ಒಂದು ದಿನ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕೇಳದೆಯೇ ಅರ್ಥ ಮಾಡಿಕೊಂಡು ನಕ್ಕಿದ್ದಳು. "ಕಟ್ಟಡಾ ಬರ್ಲಿ ಬಿಡ್ರಿ ಮೇಡಂ. ಅವರ ಮಷೀನಿನ್ಯಾಗ ಅವರ ನೀರ ಹಾಕಿ ನೋಡೂಣು." ಆ ಮಾತು ತ್ರಿಶಲಾಳಿಗೆ ಬಹಳ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದರೆ ಅದನ್ನು ತನ್ನದೇ ವಿಚಾರವೆಂಬಂತೆ ತಿಂಗಳುಗಟ್ಟಲೆ ಒಳಗೊಳಗೇ ಹೇಳಿಕೊಂಡಿದ್ದಳು. ಆದರೆ ಉದ್ಘಾಟನೆಯ ಫಲಕದ ಮೇಲೆ ಅವರ ತಾಯಿಯ ಹೆಸರು, ಗೋಡೆಯ ಮೇಲೆ ಅವರ ಫೋಟೋ ಬಂದ ಮೇಲೆ ತನ್ನ ಕೈ ಆ ಬಾಟಲಿಯ ಕಡೆಗೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅನ್ನ ಉಂಡ ಮನೆ ಎಂಬ ಅಳುಕು ಅವಳ ರಕ್ತದಲ್ಲೇ ಇತ್ತು. ಕೇಳುವುದಿದ್ದರೆ ಉಣ್ಣುವ ಮೊದಲು ಕೇಳಬೇಕು.

ತೇರದಾಳದಾಚೆಯ ಅವಳ ತವರಿನಲ್ಲಿ, ಹಿತ್ತಿಲ ಬಾವಿಯ ಕಟ್ಟೆಗೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ. ಅವ್ವ ಶಾಂತವ್ವ ಇವತ್ತಿಗೂ ಬೆಳಿಗ್ಗೆ ಎದ್ದು ಅದರಿಂದ ನೀರು ಸೇದಿ, ಮೂರು ಪದರು ಅರಿವೆಯಲ್ಲಿ ಸೋಸಿ, ಅರಿವೆಯ ಮೇಲುಳಿದ ಜೀವಗಳು ಸಾಯದಂತೆ ಅದನ್ನು ತಿರುಗಿ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾಳೆ. ಈಗ ಅದರಲ್ಲಿ ಬದುಕಿರುವ ಜೀವ ಯಾವುದಿದ್ದೀತು ಎಂದು ಕೇಳುವ ಧೈರ್ಯ ಮಗಳಿಗಿಲ್ಲ. ಕುಡಿಯುವುದಕ್ಕೆ ಟ್ಯಾಂಕರಿನ ನೀರು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಇಥೆನಾಲ್ ತೆಗೆಯುವ ಘಟಕವನ್ನು ಸಾವಕಾರರು ತಮ್ಮ ಸಕ್ಕರೆ ಕಾರ್ಖಾನೆಯ ಬದಿಗೆ ಕಟ್ಟಿಸಿದ ಮೇಲಿನ ಮಳೆಗಾಲದಲ್ಲಿ ಅದರ ಹೊಲಸು ನೀರಿನ ಹೊಂಡ ಒಡೆದು ಹಳ್ಳಕ್ಕೆ ಇಳಿಯಿತು, ಹಳ್ಳದ ದಂಡೆಯ ಬಾವಿಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿದವು. ಹೋದ ಚಳಿಗಾಲದಲ್ಲಿ ಊರಿಗೆ ಜೈನ ಮುನಿಮಹಾರಾಜರು ಬಂದರು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಆಹಾರ ನೀರು ಎರಡನ್ನೂ ತೆಗೆದುಕೊಳ್ಳುತ್ತಾರೆ. ಕೊಡುವವರು ಬಾಗಿಲಲ್ಲಿ ಕಳಶ ಹಿಡಿದು ನಿಂತು, ನಿಲ್ಲಿರಿ ಸ್ವಾಮಿ ಎಂದು ಬೇಡಬೇಕು. ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಶುದ್ಧಿ, ಜಲ ಶುದ್ಧಿ ಎಂದು ಬಾಯಿಬಿಟ್ಟು ಹೇಳಬೇಕು. ಮುನಿಗಳು ನಿಂತರೆ ಕೊಟ್ಟವರ ಪುಣ್ಯ, ಮುಂದಿನ ಮನೆಗೆ ಹೋದರೆ ಅದನ್ನೂ ತಲೆಬಾಗಿ ಒಪ್ಪಿಕೊಳ್ಳಬೇಕು. ಮೇಲಿನ ಓಣಿಯ ಬಾವಿ ಚೆನ್ನಾಗಿತ್ತು, ನಾಲ್ಕು ಕೊಡ ತಂದಿದ್ದರೆ ಆಗುತ್ತಿತ್ತು. ಆದರೆ ಅತ್ತೆ, ಅಜ್ಜತ್ತೆ ಎಲ್ಲರೂ ಇದೇ ಬಾವಿಯ ನೀರು ಕೊಟ್ಟವರೆಂದು ಅವ್ವನಿಗೆ ಹಟ. ಸೋಸಿದಳು, ಕಾಯಿಸಿದಳು, ಮತ್ತೆ ಸೋಸಿದಳು. ಮುನಿಗಳು ಇವರ ಬಾಗಿಲಿಗೇ ನಿಂತುಬಿಟ್ಟಾಗ ಅವ್ವ ಕಳಶವನ್ನು ಎತ್ತಿ ಹಿಡಿದಳು. ಅವ್ವ ಎಲ್ಲ ಶುದ್ಧಿಗಳನ್ನೂ ಹೇಳಿದಳು. ಬದಿಗೆ ನಿಂತಿದ್ದ ಮಗಳು, ಹುಡುಗಿಯರಿಗೆ ನೀರಿನ ಗುಣಗಳ ಪಾಠ ಮಾಡುವವಳು, ತಾನೂ ಅವ್ವನ ದನಿಗೆ ದನಿ ಸೇರಿಸಿ ಜಲ ಶುದ್ಧಿ ಎಂದಳು. ಮೊದಲ ಬೊಗಸೆ ನೀರು ಬಾಯಿಯ ಹತ್ತಿರ ಹೋಗಿ ನಿಂತಿತು. ವಾಸನೆ ತಿಳಿದು ಮುನಿಗಳು ಬೊಗಸೆ ಬಿಚ್ಚಿದರು. ಕೆಳಗಿಟ್ಟಿದ್ದ ಅಗಲ ತಟ್ಟೆಯ ಪರಾತದಲ್ಲಿ ನೀರು ಬಿದ್ದ ಸಪ್ಪಳ ಮನೆಯವರಿಗೆಲ್ಲ ಕೇಳಿಸಿತು. ಅವರು ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಕೂತರು, ಎದ್ದರು, ದೋಷ ಕಂಡ ದಿನ ಮತ್ತೇನನ್ನೂ ಮುಟ್ಟಬಾರದೆಂಬ ವ್ರತದಂತೆ ಮರುದಿನದವರೆಗೂ ಉಪವಾಸವಿದ್ದು ಮುಂದಿನ ಊರಿಗೆ ನಡೆದರು. ಊರವರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವ್ವ ಎದ್ದು ಜಗಳವನ್ನಾದರೂ ಆಡುತ್ತಿದ್ದಳು. ಅವತ್ತೇ ಕಳಶವನ್ನು ಅಟ್ಟದ ಮೇಲೆ ಇಟ್ಟವಳು ಮತ್ತೆ ಬಾಗಿಲಲ್ಲಿ ನಿಂತಿಲ್ಲ.

ಬಸ್ಸು ಹತ್ತುವ ದಿನ ಬೆಳಿಗ್ಗೆ ತವರಿಗೆ ಹೋಗಿ ತಂಬಿಗೆ ಕೇಳಿದಾಗ ಅವ್ವ ಯಾಕೆ ಎಂದಳು. ಇವತ್ತು ಸಾವಕಾರರು ದಾನ ಕೊಡುವ ಮೊದಲು ಅದೇ ಶುದ್ಧಿಯ ಮಾತುಗಳನ್ನು ಹೇಳಿ ಎಂದು ಕೇಳುತ್ತೇನೆ, ಈ ನೀರು ಎದುರಿಗಿಟ್ಟು ಕೇಳುತ್ತೇನೆ ಎಂದಳು ಮಗಳು. ಬಾಯಿಂದ ಹೊರಬಿದ್ದ ಮೇಲೆಯೇ ಅದು ತನ್ನ ನಿರ್ಧಾರವೆಂದು ಅವಳಿಗೆ ತಿಳಿದದ್ದು. ಬೇಡ ಎನ್ನುತ್ತಾಳೆಂದು ಕಾದಳು. ಅನ್ನಲಿ ಎಂದೂ ಒಳಗೊಂದು ಆಸೆ ಇತ್ತು. ಅವ್ವ ನೀರು ಸೇದಿದಳು, ಸೋಸಿದಳು, ತಂಬಿಗೆಯ ಬಾಯಿಗೆ ಅರಿವೆ ಕಟ್ಟಿದಳು. "ಉಳದದ್ದ ಅಲ್ಲೆಲ್ಲೂ ಚೆಲ್ಲಬ್ಯಾಡ. ಈ ಬಾವಿದು ಈ ಬಾವಿಗೇ ಬರಬೇಕ," ಎಂದಷ್ಟೇ ಹೇಳಿ ಒಳಗೆ ಹೋದಳು.

ಥಂಡಿ ಬಂಗ್ಲೆ ಎಂದರೆ ಇಲ್ಲಿಯ ಕಬ್ಬಿನ ಕೂಲಿಯವರಿಗೂ ಗೊತ್ತು. ಸಾವಕಾರರು ಇಟ್ಟ ಹೆಸರು ಬೇರೆ, ಗೇಟಿನ ಮೇಲೆ ಇಂಗ್ಲಿಷಿನಲ್ಲಿದೆ, ಅದನ್ನು ಓದಿದವರು ಕಡಿಮೆ. ಕಾರ್ಖಾನೆಯ ಹೊಗೆ ಕಾಣದ, ವಾಸನೆ ಹಾಯದ ದಿಕ್ಕು ನೋಡಿ, ಕೃಷ್ಣೆಯ ಬ್ಯಾರೇಜಿನ ಹಿನ್ನೀರಿಗೆ ಮುಖ ಮಾಡಿ ಕಟ್ಟಿಸಿದ ಮನೆ. ಉಳಿದ ಕಾಲವೆಲ್ಲ ಪುಣೆಯಲ್ಲಿರುವ ಸಾವಕಾರರು ಥಂಡಿಯ ದಿನಗಳಲ್ಲಿ ಕಬ್ಬು ಅರೆಯುವುದು ಶುರುವಾದಾಗ ಬಂದು, ಮುಗಿದಾಗ ಹೋಗುತ್ತಾರೆ. ಬಸ್ಸು ಒಳಗೆ ನುಗ್ಗಿದಾಗ ಹುಲ್ಲುಹಾಸಿನ ಮೇಲೆ ಬಿಳಿ ಕುರ್ಚಿಗಳನ್ನು ಹಾಕಿದ್ದರು, ಆಚೆಯ ಪಡಸಾಲೆಯಲ್ಲಿ ಊಟದ ಮೇಜುಗಳು ಸಿದ್ಧವಿದ್ದವು. ಜೈನರ ರೂಢಿಯಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದ ಮನೆ ಅದು. ಸಾವಕಾರರು ಮೆಟ್ಟಿಲಿಳಿದು ಬಂದರು. ಬಿಳಿ ಧೋತರ, ಮೇಲೊಂದು ಬೂದು ಸ್ವೆಟರು. ಅವರು ಗತ್ತಿನ ಮನುಷ್ಯರಾಗಿದ್ದರೆ ತ್ರಿಶಲಾಳಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವರು ಕುಲಪತಿಗಳನ್ನು ದಾಟಿ ನೇರ ಅವಳ ಹತ್ತಿರ ಬಂದು, ನಮ್ಮ ಮಾಸ್ತರ ಮಗಳು ಬಂದಳು ನೋಡು ಎಂದು ಹೆಂಡತಿ ಇಂದ್ರವ್ವನನ್ನು ಕರೆದರು. ಮಾಸ್ತರಿಕೆ ಮಾಡುತ್ತಿದ್ದ ಅವಳ ಅಪ್ಪನೂ ಅವರೂ ಒಂದೇ ಸಾಲಿಯಲ್ಲಿ ಕಲಿತವರು. ಅಪ್ಪ ತೀರಿಕೊಂಡಾಗ ಪುಣೆಯಿಂದ ಕಾರು ಹೊಡಿಸಿಕೊಂಡು ಬಂದು ಹೆಗಲು ಕೊಟ್ಟಿದ್ದರು. ಇಂದ್ರವ್ವ ಅವಳ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ಹೊಸದಾಗಿ ತೋಡಿಸಿದ ಬಾವಿ ತೋರಿಸಿದಳು. ಮಹಾರಾಜರ ಆಹಾರಕ್ಕೆ ನಲ್ಲಿ ನೀರು, ಬೋರಿನ ನೀರು ನಡೆಯುವುದಿಲ್ಲವಲ್ಲ, ಅದಕ್ಕೇ ಸಾವಕಾರರು ಮನೆಗಿಂತ ಮೊದಲು ಬಾವಿ ತೋಡಿಸಿದರು ಎಂದಳು. ಕಲ್ಲಿನ ಕಟ್ಟೆ, ಹಿತ್ತಾಳೆಯ ಗಾಲಿ, ತಳದಲ್ಲಿ ಕನ್ನಡಿಯಂಥ ನೀರು. ತ್ರಿಶಲಾ ಬಗ್ಗಿ ನೋಡಿದಾಗ ತನ್ನ ಮುಖ ಕಂಡಿತು. ಮುಖದಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಈಗಲೇ ತಂಬಿಗೆಯನ್ನು ಬಸ್ಸಿನ ಸೀಟಿನ ಕೆಳಗೆ ಇಟ್ಟು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗಿಯರಿಗೆ ಬ್ಯುರೆಟ್ ಸಿಗುತ್ತದೆ, ಕುಲಪತಿಗಳಿಗೆ ಫೋಟೋ ಸಿಗುತ್ತದೆ, ತನಗೆ ಒಂದು ಒಳ್ಳೆಯ ಕೋಣೆ. ಅವ್ವ ಏನೂ ಕೇಳುವವಳಲ್ಲ. ಅವ್ವ ಕೇಳುವುದಿಲ್ಲ ಎಂಬುದೇ ಅವಳನ್ನು ಅಲ್ಲಿಂದ ನೆಟ್ಟಗೆ ನಡೆಸಿಕೊಂಡು ಬಂತು.

ಸಭೆ ಎಂದರೆ ದೊಡ್ಡದೇನಲ್ಲ. ವಿಶ್ವವಿದ್ಯಾಲಯದವರು, ಕಾರ್ಖಾನೆಯ ಅಧಿಕಾರಿಗಳು, ಸುತ್ತಲಿನ ಊರುಗಳ ಜೈನ ವರ್ತಕರು. ಕುಲಪತಿಗಳು ಉದ್ದಕ್ಕೆ ಮಾತನಾಡಿದರು. ಜ್ಞಾನ, ಕೃಷ್ಣೆ, ಸಕ್ಕರೆ ಮೂರನ್ನೂ ಒಂದೇ ವಾಕ್ಯದಲ್ಲಿ ತರುವ ಶಕ್ತಿ ಅವರಿಗಿತ್ತು. ಸೂರ್ಯ ಹಿನ್ನೀರಿನ ಆಚೆ ಇಳಿಯತೊಡಗಿದ್ದ, ಬಡಿಸುವವರು ಪಡಸಾಲೆಯಲ್ಲಿ ನಿಂತು ಆಗಾಗ ಆ ಕಡೆ ನೋಡುತ್ತಿದ್ದರು. ಕಟ್ಟಡದ ಮಾದರಿಯನ್ನು ಸಾವಕಾರರ ಕೈಯಿಂದ ವಿಭಾಗದ ಮುಖ್ಯಸ್ಥೆ ಸ್ವೀಕರಿಸಬೇಕು, ಎರಡು ಮಾತು ಹೇಳಬೇಕು, ನಂತರ ಊಟ. ಭಾಗ್ಯಾ ಮಾದರಿ ಹಿಡಿದುಕೊಂಡು ನಿಂತಳು. ಸಾವಕಾರರು ಅದನ್ನು ತೆಗೆದುಕೊಂಡು ಮುಂದೆ ಚಾಚಿದರು. ತ್ರಿಶಲಾಳ ಎರಡೂ ಕೈಯಲ್ಲಿ ತಂಬಿಗೆ ಇತ್ತು, ಅವಳು ಅದನ್ನು ಕೆಳಗಿಡಲಿಲ್ಲ. ಮೈಕು ಬೇಕಾಗಲಿಲ್ಲ.

"ಕಾಕಾ, ನಮ್ಮ ಧರ್ಮದಾಗ ಕೊಡಾವರು ಮೊದಲ ಬಾಗಿಲದಾಗ ನಿಂತ ಶುದ್ಧಿ ಹೇಳತಾರ. ನೀವೂ ಪ್ರತಿ ವರ್ಷಾ ಈ ಮನ್ಯಾಗ ಹೇಳತೀರಿ. ಇವತ್ತ ನಮಗೂ ಹೇಳ್ರಿ. ಹೇಳಿದ್ರ ತಗೋತೇವಿ."

ವರ್ತಕರಲ್ಲಿ ಯಾರೋ ಮೆಚ್ಚಿಕೊಂಡು ಹೂಂಗುಟ್ಟಿದರು. ಕುಲಪತಿಗಳು ಇದು ಯಾವುದೋ ಚಂದದ ಸಂಪ್ರದಾಯವಿರಬೇಕೆಂದು ಕೈ ತಟ್ಟಿದರು. ಸಾವಕಾರರಿಗೂ ಸಂತೋಷವಾಯಿತು, ಅದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಮಾದರಿಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಕೈ ಮುಗಿದರು. ಮನ ಶುದ್ಧಿ ಎಂದರು. ವಚನ ಶುದ್ಧಿ, ಕಾಯ ಶುದ್ಧಿ ಎಂದರು. ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತು, ನೀರು ಇಳಿದಂತೆ ಇಳಿಯುತ್ತಿತ್ತು. ಅಷ್ಟರಲ್ಲಿ ತ್ರಿಶಲಾ ತಂಬಿಗೆಯ ಅರಿವೆ ಬಿಚ್ಚಿದಳು. ದಿನವೆಲ್ಲ ಕಟ್ಟಿಟ್ಟಿದ್ದ ವಾಸನೆ, ಹೊತ್ತಿದ ಕಾಕಂಬಿಯದು, ಅದರ ಹಿಂದೆ ಕೊಳೆತದ್ದೊಂದು, ಅವರಿಬ್ಬರ ನಡುವೆ ಎದ್ದಿತು. ಆಹಾರ ಶುದ್ಧಿ ಎಂದ ಸಾವಕಾರರ ಬಾಯಿ ತೆರೆದದ್ದು ತೆರೆದೇ ಇತ್ತು.

ಅದು ಯಾವ ಬಾವಿಯದೆಂದು ಅವರು ಮೆಲ್ಲಗೆ ಕೇಳಿದರು. ಮಾಸ್ತರರ ಹಿತ್ತಿಲದ್ದು, ಸಾಲಿಗೆ ಹೋಗುವಾಗ ನೀವು ಕುಡಿದದ್ದೇ ಎಂದಳು. ಕಾರ್ಖಾನೆಯ ಮ್ಯಾನೇಜರು ಎದ್ದು ಶುದ್ಧೀಕರಣದ ಘಟಕ, ಮಾಲಿನ್ಯ ಮಂಡಳಿಯ ಒಪ್ಪಿಗೆ ಎಂದು ಏನೋ ಶುರು ಮಾಡಿದ. ಸಾವಕಾರರು ಕೈಸನ್ನೆಯಿಂದ ಅವನನ್ನು ಕೂಡಿಸಿದರು. ಕುಲಪತಿಗಳು ಅವಳ ಕಿವಿಯ ಹತ್ತಿರ ಬಂದು, ಕಟ್ಟಡ ಹೋದರೆ ಹುಡುಗಿಯರಿಗೆ ಯಾರು ಉತ್ತರ ಹೇಳುವುದು ಎಂದರು. ಅದು ನ್ಯಾಯವಾದ ಪ್ರಶ್ನೆ. ಆದರೂ ಅವಳಿಗೆ ವಿಚಿತ್ರವಾದ ಒಂದು ನಿರಾಳವಿತ್ತು. ಒಂದು ವರ್ಷದಿಂದ ಹೇಳದೆ ಉಳಿದದ್ದು ಈಗ ತಂಬಿಗೆಯಲ್ಲಿತ್ತು, ಎಲ್ಲರೂ ನೋಡಬಹುದಾಗಿತ್ತು. ಭಾಗ್ಯಾ ಬಂದು ಅವಳ ಬದಿಗೆ ನಿಂತಳು.

"ಹೊತ್ತ ಮುಳಗಾಕತ್ತೈತಿ, ಮಂದಿ ಎಲ್ಲಾ ಉಪಾಸ ಬೀಳತೈತಿ," ಎಂದರು ಸಾವಕಾರರು. ದನಿಯಲ್ಲಿ ಬೇಡಿಕೆಯಿತ್ತು. "ಊಟಾ ಮಾಡೂಣು ಬಾ ಮಗಳ. ಆಮ್ಯಾಲ ಕುಂತ ಮಾತಾಡೂಣು."

"ಒಂದ ಮಾತ ಉಳದೈತ್ರಿ ಕಾಕಾ. ಹೇಳಿಬಿಟ್ರ ಕೂಡತೇವಿ."

ಅವರು ಮತ್ತೆ ಕೈ ಮುಗಿದರು. ಈ ಸಲ ಕಣ್ಣು ಮುಚ್ಚಿಕೊಂಡರು. ತುಟಿ ಅಲುಗಿತು. ಆ ಒಂದು ಮಾತು ಹೇಳುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ದೊಡ್ಡ ದೊಡ್ಡ ಕಚೇರಿಗಳಲ್ಲಿ, ಸಭೆಗಳಲ್ಲಿ ಇದಕ್ಕಿಂತ ದೊಡ್ಡ ಮಾತುಗಳನ್ನು ಹೇಳಿ ಗೆದ್ದು ಬಂದವರು. ಅಂದುಬಿಟ್ಟರೆ ಏನು ಗತಿ ಎಂದು ತ್ರಿಶಲಾ ಮೊದಲ ಸಲ ಹೆದರಿದಳು. ಅಂದರೆ ತೆಗೆದುಕೊಳ್ಳಬೇಕಾಗುತ್ತದೆ, ಮಾತು ಕೊಟ್ಟಾಗಿದೆ. ಹಿನ್ನೀರಿನ ಮೇಲಿನ ಕೆಂಪು ಕಿರಿದಾಗುತ್ತ ಬಂತು. ಕುರ್ಚಿಗಳಲ್ಲಿದ್ದ ಯಾರೂ ಎದ್ದು ಪಡಸಾಲೆಯ ಕಡೆ ಹೋಗಲಿಲ್ಲ, ಹೋಗುವ ಮನಸ್ಸಿದ್ದವರೂ ಪಕ್ಕದವರ ಮುಖ ನೋಡಿ ಕೂತರು. ಇಂದ್ರವ್ವ ಗಂಡನನ್ನೇ ನೋಡುತ್ತ ನಿಂತಿದ್ದಳು. ಸೂರ್ಯ ನೀರಿಗಿಳಿದ ಮೇಲೆ ಅವಳು ಬಡಿಸುವವರ ಕಡೆ ತಿರುಗಿ, ಪಾತ್ರೆಗಳನ್ನು ಮುಚ್ಚಿರಿ ಎಂದಳು. ಒಂದೊಂದೇ ಮುಚ್ಚಳ ಬೀಳುವುದು ಹುಲ್ಲುಹಾಸಿನವರೆಗೂ ಕೇಳಿಸಿತು. ಸಾವಕಾರರು ಕಣ್ಣು ತೆರೆದು, ಕೈ ಇಳಿಬಿಟ್ಟು, ಮೆಟ್ಟಿಲ ಮೇಲೆ ಕೂತರು. ಸ್ವೆಟರಿನೊಳಗೆ ಅವರು ಬಹಳ ಮುದುಕರಾಗಿ ಕಂಡರು.

"ಆ ಮಾತ ಬಾಯಾಗ ಬರವಲ್ದವ್ವಾ," ಎಂದರು.

ಅಯ್ಯೋ ಅನಿಸಿತು ಅವಳಿಗೆ. ಹೆಗಲು ಕೊಟ್ಟ ಮನುಷ್ಯ. ಬಗ್ಗಿ ಅವರ ಕಾಲು ಮುಟ್ಟಿ, ಹೋಗಲಿ ಬಿಡಿ ಕಾಕಾ ಎಂದುಬಿಡುವ ಹಂತಕ್ಕೆ ಬಂದಿದ್ದಳು. ಅದರ ಬದಲು ಅರಿವೆಯನ್ನು ತಂಬಿಗೆಯ ಬಾಯಿಗೆ ಮತ್ತೆ ಕಟ್ಟಿದಳು, ಗಂಟನ್ನು ಬಿಗಿದಳು. "ಬರೂತನಾ ಕಾಯತೇನ್ರಿ. ನೀವು ಇಲ್ಲಿರೂತನಾ ದಿನಾ ಹೊತ್ತ ಮುಳಗೂಕ ಮೊದಲ ಇದ ನೀರ ತಗೊಂಡ ಬರತೇನಿ. ಬಾವಿ ತಿಳಿಯಾದ ದಿನಾ ನಿಮಗ ತಾನ ಬರತೈತಿ. ಕಟ್ಟಡಾ ಆವತ್ತ ತಗೋತೇವಿ." ಕುಲಪತಿಗಳು ಬಸ್ಸಿನ ಕಡೆ ಹೊರಟಿದ್ದರು. ಹೋಗುವ ಮೊದಲು ಅವರು ಥರ್ಮಾಕೋಲಿನ ಕಟ್ಟಡವನ್ನು ಒಮ್ಮೆ ತಿರುಗಿ ನೋಡಿದರು. ಅದು ಸಾವಕಾರರ ಮೇಜಿನ ಮೇಲೇ ಉಳಿಯಿತು.

ತ್ರಿಶಲಾ ಅವರ ಬಸ್ಸು ಹತ್ತಲಿಲ್ಲ. ರಬಕವಿಯ ಕ್ರಾಸಿನವರೆಗೆ ಒಂದು ಟಂಟಂ ರಿಕ್ಷಾ, ಅಲ್ಲಿಂದ ತೇರದಾಳದ ಬಸ್ಸು, ಮುಂದೆ ನಡಿಗೆ. ಹಿತ್ತಿಲಲ್ಲಿ ದೀಪ ಉರಿಯುತ್ತಿತ್ತು. ಅವ್ವ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು, ಬೇರೆ ಕೆಲಸವಿಲ್ಲದವಳಂತೆ. ಮಗಳ ಮುಖ ನೋಡಲಿಲ್ಲ, ಮೊದಲು ತಂಬಿಗೆಯನ್ನೇ ನೋಡಿದಳು.

"ಪೂರಾ ಅಂದ್ನೇನ?"

"ಇಲ್ಲವ್ವಾ. ಆಹಾರತನಾ ಅಂದ್ರು. ಮುಂದ ಬಾಯಿ ಏಳಲಿಲ್ಲ."

ಅವ್ವ ತಂಬಿಗೆಯನ್ನು ಕೈಗೆ ತೆಗೆದುಕೊಂಡಳು. ಸಂತೋಷ ಪಡುತ್ತಾಳೆ, ಇಲ್ಲವೇ ಅವರನ್ನು ಬೈಯುತ್ತಾಳೆ ಎಂದು ತ್ರಿಶಲಾ ದಾರಿಯುದ್ದಕ್ಕೂ ಅಂದುಕೊಂಡಿದ್ದಳು.

"ನಾ ಪೂರಾ ಅಂದಿದ್ನಿ," ಎಂದಳು ಅವ್ವ.

ನಾನೂ ಅಂದಿದ್ದೆ ಎಂದು ಮಗಳು ಹೇಳಿದಳು. ಇಬ್ಬರೂ ಸೇರಿ ತಂಬಿಗೆಯ ನೀರನ್ನು ಸಣ್ಣ ಬಕೆಟಿಗೆ ಸುರುವಿ, ಹಗ್ಗ ಕಟ್ಟಿ, ಗೋಡೆಗೆ ಬಡಿಯದಂತೆ ಒಳಗೆ ಇಳಿಬಿಟ್ಟರು. ಬಕೆಟು ತಳದ ನೀರಿಗೆ ತಾಗಿ ಮಗ್ಗುಲಾದದ್ದು ಹಗ್ಗದಲ್ಲಿ ಕೈಗೆ ತಿಳಿಯಿತು. ವಾಸನೆ ಮೇಲೆ ಬಂತು. ಇಬ್ಬರೂ ಮೂಗು ಮುಚ್ಚಲಿಲ್ಲ.

ಆ ಮಾತು ಬರುವತನಕ ಇದೇ ನೀರು ಒಯ್ಯುತ್ತೇನೆಂದು ಹೇಳಿ ಬಂದದ್ದನ್ನು ತಿಳಿಸಿದಾಗ, ಮತ್ತೆ ಯಾವಾಗ ಹೋಗುತ್ತೀ ಎಂದು ಅವ್ವ ಕೇಳಿದಳು. ನಾಳೆ ಎಂದಳು ತ್ರಿಶಲಾ. ಅವ್ವ ಎದ್ದು ಒಳಗೆ ಹೋದಳು. ಅಟ್ಟದ ಮೇಲೆ ಏನೋ ಸರಿದಾಡಿದ ಸಪ್ಪಳವಾಯಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಕಳಶವಿತ್ತು, ಒಂದು ವರ್ಷದ ಧೂಳು ಕೂತು ಕರ್ರಗಾಗಿತ್ತು. ದೀಪದ ಬೆಳಕಿಗೆ ಕೂತು, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

"ತಂಬಿಗಿ ಸಣ್ಣದಾತು," ಎಂದಳು. "ನಾಳೆ ಇದರಾಗ ಒಯ್ಯೂಣು. ನಾನೂ ಬರತೇನಿ."